ಯಾರೂ ಮುಟ್ಟದ ಹಾರೆ

‘ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲನೆ ನಡೆಸಿದರು.’ ಈ ವಾಕ್ಯವನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ಗೊತ್ತಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕಿನ ಕಳ್ಳತನದ ಸುದ್ದಿಗಳು ನಮ್ಮ ಪತ್ರಿಕೆಯಲ್ಲಿ ಈ ವಾಕ್ಯದಿಂದಲೇ ಮುಗಿಯುತ್ತವೆ. ಬರೆಯುವ ನನಗೆ ನಾಯಿ ಏನು ಮಾಡುತ್ತದೆ ಎಂದು ತಿಳಿದಿರಲಿಲ್ಲ. ಓದುವವರು ಕೇಳಲಿಲ್ಲ. ಬರಹ ತಿದ್ದುವ ಡೆಸ್ಕಿನವರು ಅಲ್ಪವಿರಾಮ ಸರಿಯಾಗಿದೆಯೇ ಎಂದು ಮಾತ್ರ ನೋಡಿದರು.

ಆ ವರ್ಷ ಮಳೆ ಹಿಂದೆ ಸರಿದ ಮೇಲೆ ಭಾನುವಾರದ ಪುರವಣಿಗೆ ಪೊಲೀಸ್ ನಾಯಿಗಳ ಬಗ್ಗೆ ದೊಡ್ಡ ಲೇಖನ ಬೇಕೆಂದು ಸಂಪಾದಕರು ಹೇಳಿದರು. ‘ಮುದ್ದಾದ ಫೋಟೋ ಇರಲಿ’ ಎಂದರು. ಅವರ ಕಲ್ಪನೆಯಲ್ಲಿ ಅದು ನಾಯಿಮರಿ ಮಾರಾಟದ ಪುಟವಿರಬೇಕು. ನಾನು ಜಿಲ್ಲಾ ಕೇಂದ್ರದ ನಾಯಿಮನೆಗೆ ಒಂದು ವಾರ ಹೋಗಿ ಕುಳಿತೆ.

ಅಲ್ಲಿದ್ದ ಅಪರಾಧ ಪತ್ತೆಯ ನಾಯಿಯ ಹೆಸರು ಬಿಂದು. ಐದು ವರ್ಷದ ಹೆಣ್ಣು ಡಾಬರ್‌ಮನ್. ಅದನ್ನು ನೋಡಿಕೊಳ್ಳುವ ಕಾನ್‌ಸ್ಟೆಬಲ್ ಕಡೂರು ಕಡೆಯವನು, ಮೂವತ್ತೈದರ ಆಸುಪಾಸು. ಅವನು ಪರಿಮಳದ ಸೋಪು ಹಚ್ಚುವುದಿಲ್ಲ, ಬೀಡಿ ಸೇದುವುದಿಲ್ಲ, ತಲೆಗೆ ಎಣ್ಣೆ ಹಾಕುವುದಿಲ್ಲ. ‘ಮದುವೆಯಾದ ಹೊಸದ್ರಲ್ಲಿ ನನ್ನ ಹೆಂಡ್ತಿ ಇವ್ನು ಸಂನ್ಯಾಸಿನಾ ಅಂತ ಕೇಳಿದ್ಲು ಸರ್’ ಎಂದ. ಬೆಳಿಗ್ಗೆ ಬಿಂದುವಿನ ಮೈ ಉಜ್ಜಿ, ಕಿವಿ ಒರೆಸಿ, ಕಾಲ್ಬೆರಳಿನ ಸಂದು ನೋಡಿ ಆಮೇಲೆ ಅಭ್ಯಾಸ. ಕೆಲಸದ ಕರೆ ಬಂದ ದಿನ ಕೆಲಸ ಮುಗಿಯುವವರೆಗೆ ಊಟವಿಲ್ಲ.

ದಿನಾ ಮಾಡುವ ಅಭ್ಯಾಸ ಒಂದಿತ್ತು. ಹನ್ನೆರಡು ಜನ ವೃತ್ತದಲ್ಲಿ ನಿಲ್ಲುತ್ತಾರೆ. ಅವರಲ್ಲಿ ಒಬ್ಬನ ಕರವಸ್ತ್ರವನ್ನೋ ಅವನು ಹಿಡಿದ ಕೋಲನ್ನೋ ಚಿಮಟದಲ್ಲಿ ಎತ್ತಿ ಬಿಳಿ ಬಟ್ಟೆಯ ಮೇಲೆ ಇಡುತ್ತಾರೆ. ನಾಯಿ ಮೂಸುತ್ತದೆ, ವೃತ್ತ ಸುತ್ತುತ್ತದೆ, ಆ ವಾಸನೆಯವನ ಮುಂದೆ ಕುಳಿತು ಬೊಗಳುತ್ತದೆ. ಆಗ ಅದಕ್ಕೆ ರಬ್ಬರ್ ಚೆಂಡು. ಅಷ್ಟೇ. ಕಳ್ಳ ಎನ್ನುವ ಪಾಠ ಅದರಲ್ಲಿ ಇಲ್ಲ. ವಸ್ತುವಿನ ಮೇಲಿರುವ ವಾಸನೆ ಯಾರದು ಎಂಬುದನ್ನು ನಾಯಿ ಹೇಳುತ್ತದೆ. ಅದು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಮನುಷ್ಯರು ಕಂಡುಕೊಳ್ಳಬೇಕು.

‘ಹಗ್ಗ ಓದೋದೇ ನಮ್ಮ ಕೆಲ್ಸ’ ಎಂದ ಕಾನ್‌ಸ್ಟೆಬಲ್. ಮೂವತ್ತಡಿ ಉದ್ದದ ಹಗ್ಗವನ್ನು ಬಿಗಿಯದೆ, ಬಿಡದೆ ಹಿಡಿಯಬೇಕು. ‘ನಾವು ಎಳೆದ್ರೆ ಅದು ನಮ್ಮ ಮಾತು ಕೇಳಿ ಸುಳ್ಳು ಹೇಳ್ತದೆ. ಪಾಪದ ಪ್ರಾಣಿ, ಯಜಮಾನನ್ನ ಖುಷಿ ಮಾಡೋಕೆ ಎಲ್ಲಿ ಬೇಕಾದ್ರೂ ಕೂರ್ತದೆ. ನಾಯಿ ತರಬೇತಿ ಒಂಬತ್ತು ತಿಂಗಳಿಗೆ ಮುಗೀತದೆ ಸರ್. ಜನರದ್ದು ಇನ್ನೂ ಶುರುವೇ ಆಗಿಲ್ಲ.’

ಈ ಕೊನೆಯ ಮಾತನ್ನು ಲೇಖನದ ಶೀರ್ಷಿಕೆಗೆಂದು ಗುರುತು ಹಾಕಿಕೊಂಡೆ. ಅದರ ಅರ್ಥ ಮುಂದಿನ ವಾರ ತಿಳಿಯಿತು.

ಆ ಮುಂದಿನ ವಾರ ನರಸಿಂಹರಾಜಪುರ ತಾಲ್ಲೂಕಿನ ಸೀತೂರು ಕಡೆ ಅಡಿಕೆ ಗೋದಾಮಿನ ಬೀಗ ಒಡೆದಿದ್ದರು. ಬಿಂದು ಅಲ್ಲಿಗೆ ಬರುತ್ತದೆಂದು ತಿಳಿದು ನಾನೂ ಹೋದೆ. ನಾಯಿ ಬರುವ ಮೊದಲೇ ಊರು ಬಂದಿತ್ತು. ಒಡೆದ ಬೀಗವನ್ನು ಕೈಯಿಂದ ಕೈಗೆ ದಾಟಿಸಿ, ಎಂಥ ಗರಗಸ ಬಳಸಿರಬಹುದು ಎಂದು ಚರ್ಚಿಸುತ್ತಿದ್ದರು. ಒಬ್ಬ ಬಿಂದುವಿಗೆ ಬಿಸ್ಕತ್ತು ಎಸೆದ. ಇನ್ನೊಬ್ಬ ಅದರ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಫೋಟೋ ತೆಗೆಸಿಕೊಂಡ. ಬಿಂದು ಗದ್ದೆಯ ಬದುವಿನ ಮೇಲೆ ಹೋಗಿ, ಹಳ್ಳ ದಾಟಿ, ಡಾಂಬರು ರಸ್ತೆಯಲ್ಲಿ ನಿಂತು ತಲೆ ಎತ್ತಿತು. ‘ಇಷ್ಟೇಯಾ?’ ಎಂದು ಜನ ಚದುರಿದರು. ಅವರಿಗೆ ಸಿನಿಮಾ ಬೇಕಿತ್ತು. ‘ನಿಂತಿದ್ದೂ ಉತ್ತರವೇ. ಇಲ್ಲಿಂದ ಗಾಡಿ ಹತ್ತಿದಾರೆ’ ಎಂದು ಕಾನ್‌ಸ್ಟೆಬಲ್ ತನ್ನ ಪುಸ್ತಕದಲ್ಲಿ ಬರೆದುಕೊಂಡ. ಅಷ್ಟರಲ್ಲಿ ಬಿಂದು ಸೀನತೊಡಗಿತು. ಮೂಗಿನೊಳಗೆ ಉಂಬಳ, ಅಂದರೆ ಜಿಗಣೆ, ಹೊಕ್ಕಿತ್ತು. ಊರವನೊಬ್ಬ ಹೊಗೆಸೊಪ್ಪಿನ ನೀರು ಬಿಡಲು ಹೇಳಿದ. ‘ಹೊಗೆಸೊಪ್ಪು ಬಿಟ್ರೆ ಮೂರು ದಿನ ಮೂಗು ಸತ್ತಂಗೆ’ ಎಂದು ಇವನು ತೆಳು ಉಪ್ಪುನೀರನ್ನು ಹನಿಹನಿಯಾಗಿ ಬಿಟ್ಟು, ಉಂಬಳ ತಲೆ ಹೊರಗೆ ಹಾಕುವವರೆಗೆ ನಾಯಿಯ ಮೋರೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾದ.

ತಡವಾದ್ದರಿಂದ ಅವರು ಅಂದು ಕೊಪ್ಪದಲ್ಲೇ ಉಳಿದರು. ಮರುದಿನ ಬೆಳಿಗ್ಗೆ ಆರೂವರೆಗೆ ನನಗೆ ಫೋನ್ ಬಂತು. ಶೃಂಗೇರಿ ತಾಲ್ಲೂಕಿನಲ್ಲಿ, ಬೇಗಾರ್‌ನಿಂದ ಒಳಗೆ ಹೋಗುವ ದಾರಿಯ ಒಂದು ಸಣ್ಣ ದೇವಸ್ಥಾನದಲ್ಲಿ ಬೆಳ್ಳಿಯ ಮುಖವಾಡ, ಪ್ರಭಾವಳಿ ಕಳುವಾಗಿವೆ. ಫೋನ್ ಮಾಡಿದವರು ದೇವಸ್ಥಾನದ ಆಡಳಿತ ಸಮಿತಿಯ ಅಧ್ಯಕ್ಷರು. ಪೊಲೀಸರಿಗಿಂತ ಮೊದಲು ನನಗೆ ಹೇಳಿದ್ದೇನೆ ಎಂಬುದನ್ನು ಎರಡು ಸಲ ನೆನಪಿಸಿದರು. ಅವರು ಶಾಮಿಯಾನ ಉದ್ಘಾಟಿಸಿದರೂ ನನಗೆ ಫೋನ್ ಮಾಡುವವರು.

ನಾನು ತಲುಪಿದಾಗ ಏಳು ಗಂಟೆ ಹತ್ತು ನಿಮಿಷ. ಪೊಲೀಸರು ಇನ್ನೂ ಬಂದಿರಲಿಲ್ಲ. ಕಳ್ಳರು ಹಿಂಬದಿಯ ಮರದ ಸರಳು ಮುರಿದು ಒಳಹೊಕ್ಕು, ಗರ್ಭಗುಡಿಯ ಬೀಗ ಮೀಟಿದ ಹಾರೆಯನ್ನು ಹೊಸ್ತಿಲಿನ ಮೇಲೆಯೇ ಬಿಟ್ಟು ಹೋಗಿದ್ದರು. ಪೊಲೀಸ್ ಭಾಷೆಯಲ್ಲಿ ಅದು ಮುಖ್ಯ ಸಾಕ್ಷ್ಯ. ಸಮಿತಿಯ ಭಾಷೆಯಲ್ಲಿ ಅದು ಮೈಲಿಗೆ.

‘ಸ್ನಾನ ಇಲ್ದ, ಮಡಿ ಇಲ್ದ ಯಾರ್ಯಾರೋ ಹೊಕ್ಕಿದ್ದಾರೆ ಮಾರಾಯ್ರೆ. ಮೊದ್ಲು ಶುದ್ಧ ಆಗ್ಲಿ, ಆಮೇಲೆ ಪೊಲೀಸು ಗಿಲೀಸು’ ಎಂದರು ಅಧ್ಯಕ್ಷರು.

‘ಪೂಜೆ ಹೊತ್ತು ಮೀರ್ತದೆ’ ಎಂದರು ಅರ್ಚಕರು. ಹಾರೆಯನ್ನು ಕೈಯಿಂದ ಮುಟ್ಟದೆ ಬಿದಿರು ಗಳದಿಂದ ತಳ್ಳಿತಳ್ಳಿ ಒಳಬಾಗಿಲಿನ ಹೊರಗಿನ ಮೆಟ್ಟಿಲಿಗೆ ಉರುಳಿಸಿದರು. ಆಮೇಲೆ ಗೋಮೂತ್ರ, ಅದರ ಮೇಲೆ ಬಾವಿ ನೀರು. ಕಳ್ಳನ ಹೆಜ್ಜೆ, ಬೆವರು, ಬೆರಳು, ಎಲ್ಲವೂ ಮಂತ್ರಸಹಿತ ಚರಂಡಿಗೆ ಹೋದವು. ಕಳ್ಳನೇ ನಿಂತು ಸ್ವಚ್ಛ ಮಾಡಿದ್ದರೂ ಇಷ್ಟು ಶ್ರದ್ಧೆ ಇರುತ್ತಿರಲಿಲ್ಲ.

ಉಳಿದದ್ದು ಮೆಟ್ಟಿಲ ಮೇಲಿನ ಹಾರೆ. ಅಲ್ಲಿ ಹೊರ ಅಂಗಳ ಗುಡಿಸುವ ಆಳೊಬ್ಬರಿದ್ದರು. ಐವತ್ತು ದಾಟಿದವರು. ಮೂವತ್ತು ವರ್ಷದಿಂದ ಅಂಗಳ ಗುಡಿಸಿ, ಹುಲ್ಲು ಕೆತ್ತಿ, ದೇವಸ್ಥಾನದ ಜಾಗದಲ್ಲಿಯೇ ಇರುವ ಎರಡು ಕೋಣೆಯ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದವರು. ಒಳಬಾಗಿಲು ದಾಟಿದವರಲ್ಲ. ಅದು ಪದ್ಧತಿ ಎಂದು ಸಮಿತಿಯವರು ಹೇಳುತ್ತಾರೆ. ಕಾನೂನಿನಲ್ಲಿ ಅದಕ್ಕೆ ಬೇರೆ ಹೆಸರಿದೆ.

‘ಏ, ಅದನ್ನೆತ್ತಿ ಅಂಗಳಕ್ಕೆ ಹಾಕು’ ಎಂದು ಅಧ್ಯಕ್ಷರು ಬೆರಳು ತೋರಿಸಿದರು.

‘ಪೊಲೀಸ್ರು ಇನ್ನೂ ಬರ್ಲಿಲ್ಲಲ್ಲ ಒಡೆಯಾ, ಮುಟ್ಟಬೋದಾ?’

‘ನಾನು ಹೇಳ್ತಿದ್ದೇನಲ್ಲ, ಎತ್ತು.’

ಅವರು ಎರಡೂ ಕೈಯಲ್ಲಿ ಎತ್ತಿದರು. ಭಾರದ ಹಾರೆ. ಹೆಗಲಿಗೆ ಒರಗಿಸಿ ಹಿಡಿ ಬದಲಿಸಿಕೊಂಡು, ಅಂಗಳದ ಮೂಲೆಯಲ್ಲಿ ಮಲಗಿಸಿದರು. ನಾನು ಫೋಟೋ ತೆಗೆದೆ. ವಿಶೇಷ ಉದ್ದೇಶವೇನೂ ಇರಲಿಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ತೆಗೆಯುವುದು, ಯಾರನ್ನೂ ಇಲ್ಲಿ ನಿಲ್ಲಿ ಅಲ್ಲಿ ನಿಲ್ಲಿ ಎನ್ನದಿರುವುದು ನನ್ನ ರೂಢಿ. ಚೌಕಟ್ಟಿನ ಎಡಕ್ಕೆ ಅಧ್ಯಕ್ಷರ ಚಾಚಿದ ಬೆರಳು, ಬಲಕ್ಕೆ ಹಾರೆ ಎತ್ತುತ್ತಿರುವ ಆ ಮನುಷ್ಯ. ಸಮಯ ಏಳು ಇಪ್ಪತ್ತು. ಅವರು ಹೊರಮೆಟ್ಟಿಲು ತೊಳೆದು, ಅಂಗಳದ ಉಳಿದ ಕೆಲಸ ಮುಗಿಸಿ, ಒಂಬತ್ತು ದಾಟಿದ ಮೇಲೆ ತಿಂಡಿಗೆ ಮನೆಗೆ ಹೋದರು.

ಬಿಂದು ಬಂದದ್ದು ಒಂಬತ್ತೂವರೆಗೆ. ನಾಯಿ ಕೊಪ್ಪದಲ್ಲೇ ಇದ್ದರೂ ಲಿಖಿತ ಕೋರಿಕೆ ಜಿಲ್ಲಾ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಆದೇಶ ಕೊಪ್ಪಕ್ಕೆ ಬರಬೇಕಿತ್ತು. ವಾಸನೆ ಆದೇಶಕ್ಕೆ ಕಾಯುವುದಿಲ್ಲ ಎಂಬುದು ಆದೇಶ ಹೊರಡಿಸುವವರಿಗೆ ಗೊತ್ತಿಲ್ಲ.

ಹೆಬ್ಬಾಗಿಲಲ್ಲೇ ಅಧ್ಯಕ್ಷರು ಅಡ್ಡ ನಿಂತರು. ‘ನಾಯಿ ಒಳಗೆ ಬರೋದು ಬೇಡ. ಈಗಷ್ಟೇ ಶುದ್ಧ ಮಾಡಿದ್ದು. ಅಂಗಳದಲ್ಲೇ ನೋಡ್ಕೊಳ್ಳಿ.’ ಶೃಂಗೇರಿ ಠಾಣೆಯಿಂದ ಬಂದಿದ್ದ ಸಬ್ ಇನ್‌ಸ್ಪೆಕ್ಟರ್ ವಾದಿಸಲಿಲ್ಲ. ಅಧ್ಯಕ್ಷರ ಮನೆಯಲ್ಲಿ ಅವರಿಗೆ ಅಷ್ಟರಲ್ಲೇ ಕಾಫಿಯಾಗಿತ್ತು.

ಕಾನ್‌ಸ್ಟೆಬಲ್ ಒಳಬಾಗಿಲಿನಿಂದ ಬಗ್ಗಿ ನೋಡಿದ. ಒದ್ದೆ ನೆಲ, ಕರ್ಪೂರ, ಗೋಮೂತ್ರ. ಹಿಂದೆ ಬಂದು ಹಾರೆಯ ಬಳಿ ಕುಳಿತ.

‘ಇದನ್ನ ಯಾರಾದ್ರೂ ಮುಟ್ಟಿದಾರಾ?’

‘ಯಾರೂ ಮುಟ್ಟಿಲ್ಲ’ ಎಂದರು ಅಧ್ಯಕ್ಷರು.

‘ಇಲ್ಲಿಗೆ ಹೆಂಗೆ ಬಂತು?’

‘ಭಟ್ರು ಗಳದಲ್ಲಿ ತಳ್ಳಿದ್ದು. ಕೈ ಹಾಕ್ಲೇ ಇಲ್ಲ ಮಾರಾಯ್ರೆ, ನಾವೇನು ಮಡ್ಡರಾ?’

ಅಧ್ಯಕ್ಷರ ಮುಖದಲ್ಲಿ ಸುಳ್ಳು ಹೇಳುವವನ ಅಳುಕು ಇರಲಿಲ್ಲ. ಅವರು ಮುಟ್ಟಿರಲಿಲ್ಲ, ಅರ್ಚಕರು ಮುಟ್ಟಿರಲಿಲ್ಲ, ಸಮಿತಿಯ ಸದಸ್ಯರು ಮುಟ್ಟಿರಲಿಲ್ಲ. ಅಂಗಳ ಗುಡಿಸುವವರು ಎತ್ತಿದ್ದು ಅವರ ಮನಸ್ಸಿನಲ್ಲಿ ಒಬ್ಬ ಮನುಷ್ಯ ಮುಟ್ಟಿದ ಹಾಗೆ ದಾಖಲಾಗಿರಲೇ ಇಲ್ಲ.

ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ‘ಯಾರೂ ಮುಟ್ಟಿಲ್ಲ’ ಎಂಬ ಮಾತನ್ನು ಪುಸ್ತಕದಲ್ಲಿ ಬರೆದು ಅಡಿಗೆರೆ ಎಳೆದೆ. ಸಂಜೆ ವರದಿಯಲ್ಲಿ ಈ ಮಾತಿನ ಕೆಳಗೆ ಏಳು ಇಪ್ಪತ್ತರ ಫೋಟೋ ಇಟ್ಟರೆ ಚೆನ್ನಾಗಿರುತ್ತದೆ ಎಂಬುದು ನನ್ನ ಯೋಚನೆ. ಸುದ್ದಿಗಾರ ಸುದ್ದಿಯೊಳಗೆ ಕೈಹಾಕಬಾರದು ಎಂದು ಹದಿಮೂರು ವರ್ಷದಿಂದ ಕಲಿತಿದ್ದೇನೆ. ಆ ಪಾಠದ ಹಿಂದೆ ಅಡಗಿಕೊಳ್ಳುವುದು ಸುಲಭ ಎಂಬುದನ್ನೂ ಕಲಿತಿರಬೇಕು.

ಬಿಂದುವಿಗೆ ಎದೆಪಟ್ಟಿ ಕಟ್ಟಿ ಹಗ್ಗ ಸಿಕ್ಕಿಸಿದರು. ಅದು ಹಾರೆಯ ಉದ್ದಕ್ಕೂ ಎರಡು ಸಲ ಮೂಸಿತು, ಹಿಡಿಯ ಬಳಿ ನಿಂತಿತು. ಹಗ್ಗ ಬಿಗಿಯಾಯಿತು. ಹೆಬ್ಬಾಗಿಲಿನಿಂದ ಹೊರಗೆ ಹೋಗಿ, ಕಲ್ಲುಗೋಡೆಯ ಪಕ್ಕ ಕಾಲುದಾರಿ ಹಿಡಿದು, ಎಲ್ಲಿಯೂ ತಡವರಿಸದೆ ಆ ಎರಡು ಕೋಣೆಯ ಮನೆಯ ಬಾಗಿಲಲ್ಲಿ ಕುಳಿತು ಬೊಗಳಿತು. ಹಿಂದೆ ಓಡಿಬಂದ ಜನರ ಮೊಬೈಲುಗಳೆಲ್ಲ ಮೇಲೆದ್ದಿದ್ದವು.

ಆಳು ಬಾಗಿಲಿಗೆ ಬಂದರು. ಎಂಜಲು ಕೈ, ಅದರಲ್ಲಿ ಅರ್ಧ ಕಡುಬು. ಬಿಂದು ಅವರ ಮುಂದೆ ಇನ್ನೊಮ್ಮೆ ಬೊಗಳಿ ಚೆಂಡಿಗಾಗಿ ಯಜಮಾನನ ಕಡೆ ನೋಡಿತು.

‘ಎಂತದು?’ ಎಂದರು.

‘ನಾಯಿ ಹೇಳ್ತಿದೆಯಲ್ಲ ಎಂತದು ಅಂತ. ಕೈ ತೊಳ್ಕೊಂಡು ಜೀಪು ಹತ್ತು’ ಎಂದರು ಸಬ್ ಇನ್‌ಸ್ಪೆಕ್ಟರ್.

‘ಸರ್, ಇದು ಸುಳಿವು ಅಷ್ಟೇ. ನಾಯಿ ತೋರಿಸಿದ್ದೇ ಸಾಕ್ಷಿ ಆಗಲ್ಲ’ ಎಂದ ಕಾನ್‌ಸ್ಟೆಬಲ್.

‘ನಿಮ್ಮ ಕೆಲ್ಸ ಆಯ್ತು ಬಿಡ್ರಿ.’

‘ನಂಗೆ ಎತ್ತು ಅಂದ್ರು, ಎತ್ತಿದೆ…’ ಎಂದು ಆಳು ಶುರುಮಾಡಿದರು. ಕಾನ್‌ಸ್ಟೆಬಲ್ ಆಗಲೇ ಬಿಂದುವನ್ನು ಗದ್ದಲದಿಂದ ಆಚೆ ಕರೆದೊಯ್ದಿದ್ದ, ಅವನಿಗೆ ಅದು ಕೇಳಿಸಲಿಲ್ಲ. ಕೇಳಿಸಿದವರು ಕೇಳಿಸಿಕೊಳ್ಳಲಿಲ್ಲ. ಆಳಿನ ಹೆಂಡತಿ ಬಾಗಿಲ ದಾರಂದ ಹಿಡಿದು ಅಧ್ಯಕ್ಷರ ಕಡೆ ಕೂಗಿದರು: ‘ಬೆಳಿಗ್ಗೆ ನೀವೇ ಎತ್ತಿಸಿದ್ದಲ್ಲನಾ? ಹೇಳಿ ಒಂದು ಮಾತು!’ ಅಧ್ಯಕ್ಷರು ತಮ್ಮ ಮೊಬೈಲು ನೋಡಿಕೊಳ್ಳುತ್ತಿದ್ದರು. ಊರಿನ ವಾಟ್ಸಾಪ್ ಗುಂಪಿಗೆ ವಿಡಿಯೋ ಹೋಗುತ್ತಿತ್ತು.

ನನ್ನ ವರದಿ ಸಂಜೆ ಐದಕ್ಕೆ ಹೋಯಿತು. ಅಂಗಳದಲ್ಲಿ ನಡೆದದ್ದೆಲ್ಲ ಸಮಯ ಸಹಿತ ಅದರಲ್ಲಿತ್ತು. ನಾಯಿ ಬರುವ ಎರಡು ಗಂಟೆ ಮೊದಲೇ ಅಧ್ಯಕ್ಷರ ಮಾತಿನಂತೆ ಕೆಲಸಗಾರರು ಹಾರೆ ಎತ್ತಿದ್ದರು ಎಂಬ ಪ್ಯಾರಾ ಇತ್ತು, ಫೋಟೋ ಇತ್ತು. ಡೆಸ್ಕಿನ ಮುಖ್ಯಸ್ಥ ಫೋನ್ ಮಾಡಿದ.

‘ಟಿವಿಯವರು ಆಗಲೇ ಕಳ್ಳನ ಬಾಗಿಲಿಗೆ ಶ್ವಾನ ಅಂತ ಓಡಿಸ್ತಿದಾರೆ. ನೀನಿನ್ನೂ ಹಾರೆ ಹಿಡ್ಕೊಂಡು ಕೂತಿದ್ದೀಯಲ್ಲೋ.’

‘ಅದೇ ಸುದ್ದಿ.’

‘ಆಯ್ತು, ನೋಡ್ತೀನಿ. ಜಾಗ ಕಮ್ಮಿ ಇದೆ.’

ಬೆಳಿಗ್ಗೆ ಪತ್ರಿಕೆ ಬಿಡಿಸಿದೆ. ಪ್ಯಾರಾ ಇರಲಿಲ್ಲ. ಫೋಟೋ ಇತ್ತು. ಎರಡು ಕಾಲಂಗೆ ಹೊಂದಿಸಲು ಎಡಗಡೆ ಕತ್ತರಿಸಿದ್ದರು. ಅಧ್ಯಕ್ಷರ ಬೆರಳು ಹೋಗಿತ್ತು. ಉಳಿದದ್ದು ಹಾರೆ ಹಿಡಿದ ಮನುಷ್ಯ ಮಾತ್ರ. ಅಡಿಬರಹ: ‘ಕೃತ್ಯಕ್ಕೆ ಬಳಸಿದ ಹಾರೆಯೊಂದಿಗೆ ದೇಗುಲದ ಕೆಲಸಗಾರ.’ ಅದರ ಕೆಳಗೆ ಚಿತ್ರ ಯಾರದೆಂದು ನನ್ನ ಹೆಸರು. ಹದಿಮೂರು ವರ್ಷದಲ್ಲಿ ನನ್ನ ಹೆಸರನ್ನು ಇಷ್ಟು ಸ್ಪಷ್ಟವಾಗಿ ಅಚ್ಚು ಹಾಕಿದ್ದು ನೆನಪಿಲ್ಲ.

ಡೆಸ್ಕಿನವನು ದುಷ್ಟನಲ್ಲ. ದುಷ್ಟತನಕ್ಕೆ ಸ್ವಲ್ಪವಾದರೂ ಗಮನ ಬೇಕು. ಅವನು ಆ ರಾತ್ರಿ ಅಂಥ ಹನ್ನೊಂದು ಚಿತ್ರ ಕತ್ತರಿಸಿದ್ದನಂತೆ. ತಿದ್ದುಪಡಿ ಹಾಕು ಎಂದೆ. ‘ತಪ್ಪೇನಿದೆ? ಹಾರೆ ಅವನ ಕೈಯಲ್ಲೇ ಇದೆಯಲ್ಲ’ ಎಂದ.

ಶೃಂಗೇರಿಗೆ ಹೋದೆ. ಆಳನ್ನು ಠಾಣೆಯಲ್ಲಿ ದಿನವಿಡೀ ಕೂರಿಸಿ, ಸಂಜೆ ಮನೆಗೆ ಕಳುಹಿಸಿ, ಬೆಳಿಗ್ಗೆ ಮತ್ತೆ ಕರೆಸಿದ್ದರು. ಯಾವ ಪುಸ್ತಕದಲ್ಲೂ ಅವರ ಹೆಸರು ಬರೆದಿರಲಿಲ್ಲ. ಅದು ಬಂಧನವಲ್ಲ, ಬರೀ ಕೂರಿಸುವುದು. ಮೂವತ್ತು ವರ್ಷ ಒಳಬಾಗಿಲು ದಾಟದವರಿಗೆ ಬೆಳ್ಳಿ ಇರುವ ಜಾಗ ಹೇಗೆ ಗೊತ್ತು ಎಂದು ಸಬ್ ಇನ್‌ಸ್ಪೆಕ್ಟರನ್ನು ಕೇಳಿದೆ. ‘ನಾಯಿನೇ ಹೇಳಿದ ಮೇಲೆ ನೀವೆಂತ ವಕೀಲಿಕೆ ಮಾಡ್ತೀರಿ’ ಎಂದು ನಕ್ಕರು. ಮೇಜಿನ ಮೇಲೆ ನನ್ನ ಪತ್ರಿಕೆ ಇತ್ತು, ಆ ಪುಟವೇ ಮೇಲೆ.

ಠಾಣೆಯ ಹೊರಗೆ ಆಳಿನ ಹೆಂಡತಿ ಕುಳಿತಿದ್ದರು. ನನ್ನನ್ನು ಗುರುತಿಸಿದರು.

‘ಪಟ ತೆಗ್ದವ್ರು ನೀವಲ್ಲನಾ?’

‘ಹೌದು.’

‘ಭಾನುವಾರದೊಳಗೆ ಮನೆ ಖಾಲಿ ಮಾಡ್ಬೇಕಂತೆ. ಕಳ್ಳರನ್ನ ದೇವರ ಜಾಗದಲ್ಲಿ ಇಟ್ಕೊಳ್ಳೋದಿಲ್ಲಂತೆ. ಪೇಪರಿನಲ್ಲೇ ಬಂದಿದೆಯಲ್ಲ ಅಂತಾರೆ.’ ಸೆರಗು ಕೊಡವಿ, ‘ಎಂತ ಚಂದ ಬಂದಿದೆ ಮಾರಾಯ್ರೆ ಪಟ’ ಎಂದರು.

ಅಂದು ಗುರುವಾರ.

ಪ್ರಕಟವಾಗದ ಚಿತ್ರಗಳನ್ನು ಪೊಲೀಸರಿಗೆ ಕೊಡಬಾರದು ಎಂಬುದು ನಮ್ಮ ಕೆಲಸದ ಕಟ್ಟುಪಾಡು. ಒಮ್ಮೆ ಕೊಟ್ಟರೆ ನಾಳೆ ನಮ್ಮನ್ನು ಯಾರೂ ನಂಬುವುದಿಲ್ಲ. ನಾನು ಆ ಕಟ್ಟುಪಾಡನ್ನು ಇನ್ನೂ ನಂಬುತ್ತೇನೆ. ಅಂದು ಅದನ್ನು ಮುರಿದೆ. ಅರ್ಧ ಚಿತ್ರ ಹೇಗೂ ಪ್ರಕಟವಾಗಿದೆ, ಇನ್ನರ್ಧ ತೋರಿಸಿದರೆ ಮುರಿದಂತಾಗುವುದಿಲ್ಲ ಎಂದು ದಾರಿಯಲ್ಲಿ ಒಂದು ಕುಂಟು ತರ್ಕವನ್ನೂ ಕಟ್ಟಿಕೊಂಡಿದ್ದೆ. ಅದು ಕೊಪ್ಪದವರೆಗೂ ಬಾಳಲಿಲ್ಲ.

ಬಿಂದು ಕೊಪ್ಪದಲ್ಲಿ ವಸತಿಗೃಹದ ಹಿಂದೆ ಬಿಸಿಲಿಗೆ ಮಲಗಿತ್ತು. ಉಂಬಳ ಕಚ್ಚಿದ ಮೂಗು ಊದಿದ್ದರಿಂದ ಎರಡು ದಿನ ಪ್ರಯಾಣ ಬೇಡ ಎಂದು ಪಶುವೈದ್ಯರು ಹೇಳಿದ್ದರಂತೆ. ಕಾನ್‌ಸ್ಟೆಬಲ್‌ಗೆ ಮೊಬೈಲು ಕೊಟ್ಟೆ. ಅವನು ಚಿತ್ರವನ್ನು ದೊಡ್ಡದು ಮಾಡಿ ಕೈಗಳನ್ನು ನೋಡಿದ. ಆಮೇಲೆ ಬೆರಳನ್ನು. ಆಮೇಲೆ ಸಮಯವನ್ನು.

‘ನಾನು ಯಾರಾದ್ರೂ ಮುಟ್ಟಿದಾರಾ ಅಂತ ಕೇಳಿದಾಗ ನೀವು ಅಲ್ಲೇ ಇದ್ರಲ್ಲ ಸರ್.’

‘ಇದ್ದೆ.’

‘ಒಂದು ವಾರ ನಮ್ಮ ಹತ್ರ ಕೂತು ಎಲ್ಲ ಬರ್ಕೊಂಡ್ರಿ.’

ನಾನು ಮೊಬೈಲಿಗೆ ಕೈ ಚಾಚಿದೆ.

‘ನಾಯಿಗೆ ಬಾಯಿ ಬಿಟ್ಟು ಹೇಳೋಕೆ ಆಗಲ್ಲ, ಅದಕ್ಕೆ ಅಷ್ಟು ಕಷ್ಟ ಪಡ್ತದೆ. ನಿಮಗೇನಾಗಿತ್ತು?’ ಎಂದು ಮೊಬೈಲು ಹಿಂದೆ ಕೊಟ್ಟ. ದನಿ ಏರಿಸಲಿಲ್ಲ. ಈ ಪ್ರಸಂಗದಲ್ಲಿ ನಾನು ಕಂಡ ತಿರಸ್ಕಾರಗಳಲ್ಲಿ ಸರಿಯಾದ ವಿಳಾಸಕ್ಕೆ ಮುಟ್ಟಿದ್ದು ಅದೊಂದೇ.

ಅವನು ಅಂದೇ ಒಂದು ಪುಟದ ವರದಿ ಬರೆದ. ಮೂಸಲು ಕೊಟ್ಟ ವಸ್ತುವನ್ನು ನಾಯಿ ಬರುವ ಮೊದಲೇ ಬೇರೊಬ್ಬರು ಕೈಯಲ್ಲಿ ಎತ್ತಿದ್ದರು, ಆದ್ದರಿಂದ ನಾಯಿ ಹಿಡಿದ ದಾರಿ ಎತ್ತಿದವರ ದಾರಿ, ಮರುಪರೀಕ್ಷೆಗೆ ಅವಕಾಶ ಕೊಡಬೇಕು. ಸಬ್ ಇನ್‌ಸ್ಪೆಕ್ಟರ್ ಮೊದಲು ಬೈದರು. ವರದಿ ಕಡತ ಸೇರುತ್ತದೆ, ಮೇಲಿನವರು ಓದುತ್ತಾರೆ ಎಂದು ಗೊತ್ತಾದ ಮೇಲೆ ಒಪ್ಪಿದರು. ನ್ಯಾಯಕ್ಕೆ ಹೆದರದವರು ಕಡತಕ್ಕೆ ಹೆದರುವುದನ್ನು ನಾನು ಮೊದಲೂ ನೋಡಿದ್ದೇನೆ. ಅದನ್ನು ಕೀಳಾಗಿ ಕಾಣಬಾರದು. ಅದರಿಂದಲೂ ಕೆಲಸ ಆಗುತ್ತದೆ.

ಶನಿವಾರ ಬೆಳಿಗ್ಗೆ ಅದೇ ಅಂಗಳ. ಜೀಪಿನಲ್ಲಿ ಆಳು, ಅವರ ಪಕ್ಕ ಗೋಣಿಯಲ್ಲಿ ಸುತ್ತಿದ ಹಾರೆ. ಕಾನ್‌ಸ್ಟೆಬಲ್ ಹಾರೆಯನ್ನು ಚಿಮಟದಲ್ಲಿ ಹಿಡಿದೆಳೆದು ಮೊದಲಿದ್ದ ಮೂಲೆಗೆ ಇಟ್ಟ. ಸಮಿತಿಯವರು, ಅರ್ಚಕರು, ನೋಡಲು ಬಂದ ಊರವರು, ಒಟ್ಟು ಹದಿನೈದಿಪ್ಪತ್ತು ಜನ. ಅಡ್ಡಗದ್ದೆಯಿಂದ ಸಂಬಂಧಿಕರ ಮನೆಗೆ ಬಂದಿದ್ದ ಒಬ್ಬ ಅಜ್ಜಿಯೂ ಗೋಡೆಯ ಮೇಲೆ ಕುಳಿತಿದ್ದರು.

ಕಾನ್‌ಸ್ಟೆಬಲ್ ಜೀಪಿನಿಂದ ಹೊಸ ಬಿದಿರು ಕೋಲೊಂದನ್ನು ಚಿಮಟದಲ್ಲೇ ತಂದ.

‘ಸರ್, ಇದನ್ನ ಸ್ವಲ್ಪ ಹಿಡ್ಕೊಂಡಿರ್ತೀರಾ? ನಾಯಿಗೆ ಪಟ್ಟಿ ಕಟ್ಟಬೇಕು’ ಎಂದು ಅಧ್ಯಕ್ಷರಿಗೆ ಚಾಚಿದ.

ಪೊಲೀಸರಿಗೆ ಸಹಕಾರ ಕೊಡುತ್ತಿರುವುದು ಎಲ್ಲರಿಗೂ ಕಾಣುವಂತೆ ಅಧ್ಯಕ್ಷರು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಐದು ನಿಮಿಷ. ಪಟ್ಟಿ ಕಟ್ಟುವುದಕ್ಕೆ ಅಷ್ಟು ಹೊತ್ತು ಬೇಡ ಎಂದು ನನಗೆ ಗೊತ್ತಿತ್ತು. ಆಮೇಲೆ ಅವನು ಕೋಲನ್ನು ಚಿಮಟದಲ್ಲಿ ತೆಗೆದುಕೊಂಡು ಹಾರೆಯ ಪಕ್ಕ, ಬಿಳಿ ಬಟ್ಟೆಯ ಮೇಲೆ ಇಟ್ಟ.

‘ಎಲ್ರೂ ಸುತ್ತ ನಿಲ್ಲಿ. ನೀವೂ ನಿಲ್ಲಿ ಸರ್, ಎಲ್ಲಿ ಬೇಕಾದ್ರೂ.’

ಜನ ನಿಂತರು. ಅಧ್ಯಕ್ಷರು ಅರ್ಚಕರ ಪಕ್ಕ. ಆಳನ್ನು ಜೀಪಿನಿಂದ ಇಳಿಸಿ ಎದುರು ಬದಿಯಲ್ಲಿ ನಿಲ್ಲಿಸಿದರು.

ಬಿಂದು ಕೋಲು ಮೂಸಿತು. ವೃತ್ತ ಹಿಡಿಯಿತು. ಹಗ್ಗ ನೆಲ ಮುಟ್ಟುವಷ್ಟು ಸಡಿಲವಾಗಿತ್ತು. ಎಲ್ಲರೂ ನೋಡಲೆಂದು ಕಾನ್‌ಸ್ಟೆಬಲ್ ಕೈ ಮೇಲೆತ್ತಿ ಹಿಡಿದಿದ್ದ. ಆಳಿನ ಮುಂದೆ ಅದು ನಿಲ್ಲಲೇ ಇಲ್ಲ. ಸಬ್ ಇನ್‌ಸ್ಪೆಕ್ಟರನ್ನು ದಾಟಿತು. ಅರ್ಚಕರು ಪಂಚೆ ಎತ್ತಿ ಹಿಂದೆ ಸರಿದರು. ಬಿಂದು ಅವರನ್ನೂ ದಾಟಿ ಅಧ್ಯಕ್ಷರ ಮುಂದೆ ನೆಟ್ಟಗೆ ಕುಳಿತು ಬೊಗಳಿತು. ಒಂದು ಸಲ. ಅವರು ಎರಡು ಹೆಜ್ಜೆ ಪಕ್ಕಕ್ಕೆ ಹೋದರು. ಅದೂ ಎದ್ದು ಹೋಗಿ, ಕುಳಿತು, ಇನ್ನೊಮ್ಮೆ ಬೊಗಳಿತು.

‘ಓಡ್ಸಿ ಮಾರಾಯ್ರೆ ಅದನ್ನ! ಎಂತ ಇದು?’

‘ಏನಿಲ್ಲ ಸರ್. ಆ ಕೋಲು ಯಾರು ಹಿಡಿದಿದ್ರು ಅಂತ ಹೇಳ್ತಿದೆ. ಮೊನ್ನೆನೂ ಅಷ್ಟೇ ಹೇಳಿದ್ದು. ಹಾರೆ ಯಾರು ಹಿಡಿದಿದ್ರು ಅಂತ’ ಎಂದ ಕಾನ್‌ಸ್ಟೆಬಲ್. ಚೆಂಡು ಎಸೆದ. ಬಿಂದು ಅದನ್ನು ಕಚ್ಚಿಕೊಂಡು ಬಾಲ ಅಲ್ಲಾಡಿಸಿತು.

ಗೋಡೆಯ ಮೇಲಿನ ಅಜ್ಜಿ ಎಲೆಯಡಿಕೆ ಪಕ್ಕಕ್ಕೆ ಉಗಿದು, ‘ಹಾಗಾರೆ ಇವ್ರನ್ನೂ ಜೀಪು ಹತ್ತಿಸ್ಬೇಕಾತಲ್ಲ’ ಎಂದರು. ನಗು ಎಲ್ಲಿಂದ ಶುರುವಾಯಿತೋ ತಿಳಿಯಲಿಲ್ಲ. ಮೊನ್ನೆ ನಾಯಿಯ ಹಿಂದೆ ಓಡಿದವರೇ ನಗುತ್ತಿದ್ದರು. ಅವರ ನಗುವಿಗೂ ನಾನು ಬೆಲೆ ಕೊಡುವುದಿಲ್ಲ. ಬೊಗಳುವ ದಿಕ್ಕು ನೋಡಿ ಅವರು ನಿಲ್ಲುತ್ತಾರೆ.

ಸಬ್ ಇನ್‌ಸ್ಪೆಕ್ಟರ್ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಕಾನ್‌ಸ್ಟೆಬಲ್ ಆಳಿನ ಬಳಿ ಹೋಗಿ, ‘ಯಜಮಾನ್ರೆ, ಕಳ್ಳ ಮುಟ್ಟಿದ್ದು, ಆಮೇಲೆ ಯಾರೂ ಮುಟ್ಟದೆ ಇರೋದು ಏನಾದ್ರೂ ಉಳಿದಿದೆಯಾ ಇಲ್ಲಿ?’ ಎಂದು ಕೇಳಿದ. ಮೂರು ದಿನದಲ್ಲಿ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಕದ್ದೆ ಎಂದು ಹೇಳಿಸಲು ಮಾತ್ರ ನೋಡಿದ್ದರು.

‘ಹಿಂದೆ ಮುರಿದ ಸರಳು ಬಿದ್ದಿದೆ. ಗೋಡೆ ಸಂದಿನಲ್ಲಿ. ಅಲ್ಲಿ ಶುದ್ಧ ಮಾಡ್ಲಿಲ್ಲ. ನಂಗೆ ಎತ್ತು ಅಂತಾನೂ ಹೇಳ್ಲಿಲ್ಲ.’

ಸರಳು ನೆರಳಿನಲ್ಲಿ, ತೇವದ ಎಲೆಗಳ ಮೇಲೆ ಬಿದ್ದಿತ್ತು. ಬಿಂದು ಅದನ್ನು ಬಹಳ ಹೊತ್ತು ಮೂಸಿತು. ಹಳೆಯ ವಾಸನೆ, ಎರಡು ಸಲ ದಾರಿ ತಪ್ಪಿ ಹಿಂದೆ ಬಂತು. ಮೂರನೆಯ ಸಲ ಹಿಂಬದಿಯ ಬೇಲಿಯ ತಡಮೆ ದಾಟಿ, ಹಳ್ಳದ ಕಾಲುಸಂಕದ ಮೇಲೆ ಹೋಗಿ, ಆಳಿನ ಮನೆಗೆ ತದ್ವಿರುದ್ಧ ದಿಕ್ಕಿನಲ್ಲಿ ಡಾಂಬರು ರಸ್ತೆ ಸೇರಿ ನಿಂತು ತಲೆ ಎತ್ತಿತು. ರಸ್ತೆಯ ಅಂಚಿನ ಕೆಸರಿನಲ್ಲಿ ಗಾಡಿಯ ಚಕ್ರ ಒತ್ತಿದ ಗುರುತು ಒಣಗಿತ್ತು. ಕಾನ್‌ಸ್ಟೆಬಲ್ ಅದನ್ನು ಅಳೆದು ಬರೆದುಕೊಂಡ. ಈ ಸಲ ‘ಇಷ್ಟೇಯಾ’ ಎಂದು ಕೇಳಲು ಯಾರೂ ಹಿಂದೆ ಬಂದಿರಲಿಲ್ಲ.

ನಾನು ಇದನ್ನು ಬರೆಯುವವರೆಗೆ ಬೆಳ್ಳಿ ಸಿಕ್ಕಿಲ್ಲ. ನನ್ನ ಪತ್ರಿಕೆ ತಿದ್ದುಪಡಿ ಹಾಕಿತು, ಒಳಪುಟದಲ್ಲಿ, ಮೂರು ಸಾಲು. ಪೂರ್ತಿ ಫೋಟೋ ಹಾಕಲಿಲ್ಲ. ಭಾನುವಾರದ ಲೇಖನವನ್ನು ನಾನು ಕೊಡಲಿಲ್ಲ.

ಶನಿವಾರದ ಮಾತು ಇನ್ನೊಂದಿದೆ. ರಸ್ತೆಯಿಂದ ಅಂಗಳಕ್ಕೆ ಮರಳಿದಾಗ ಅರ್ಚಕರು ಆಗಲೇ ಬಾವಿಯಿಂದ ನೀರು ಸೇದುತ್ತಿದ್ದರು. ನಾಯಿ ಅಂಗಳ ತುಳಿದದ್ದಕ್ಕೆ ಮತ್ತೆ ಶುದ್ಧ. ಸಬ್ ಇನ್‌ಸ್ಪೆಕ್ಟರ್ ಆಳಿಗೆ ‘ಇನ್ನು ಬರೋದು ಬೇಡ’ ಎಂದಷ್ಟೇ ಹೇಳಿದರು. ಮನೆ ಖಾಲಿ ಮಾಡುವ ಮಾತನ್ನು ಆಳಿನ ಹೆಂಡತಿ ಎತ್ತಿದರು. ‘ಇದ್ರೆ ಇರ್ಲಿ ಬಿಡಿ, ನಾವೆಂತ ರಾಕ್ಷಸರಾ’ ಎಂದರು ಅಧ್ಯಕ್ಷರು, ತಾವೇ ಕೊಟ್ಟ ದಾನದಂತೆ. ಕ್ಷಮೆ ಎಂಬ ಪದ ಆ ಅಂಗಳದಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ ಎಂಬುದನ್ನು ದಾಖಲಿಸಬೇಕು.

‘ಆ ಹಾರೆ ಜೀಪಿಗೆ ಹಾಕ್ಸಿ’ ಎಂದರು ಸಬ್ ಇನ್‌ಸ್ಪೆಕ್ಟರ್.

ಅಧ್ಯಕ್ಷರು ತಿರುಗಿ ಬೆರಳು ಚಾಚಿದರು. ಅದೇ ಬೆರಳು, ಅದೇ ಕೋನ.

‘ಏ, ಅದನ್ನೆತ್ತಿ ಜೀಪಿಗೆ ಹಾಕು.’

ಆಳು ಹಾರೆಯನ್ನು ನೋಡಿದರು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

‘ನಾಯಿ ಇನ್ನೂ ಇಲ್ಲೇ ಇದೆ ಒಡೆಯಾ’ ಎಂದರು. ‘ನೀವೇ ಎತ್ತಿ.’

ಅಧ್ಯಕ್ಷರು ಸಮಿತಿಯವರನ್ನು ನೋಡಿದರು. ಸಮಿತಿಯವರು ಬಿಂದುವನ್ನು ನೋಡಿದರು. ಕಾನ್‌ಸ್ಟೆಬಲ್ ಚಿಮಟವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು, ನಾಯಿಗೆ ಊಟದ ಹೊತ್ತಾಯಿತೆಂದು ಹೊರಟ. ನಾನು ಗಾಡಿ ತಿರುಗಿಸಿಕೊಂಡು ಬರುವಾಗಲೂ ಹಾರೆ ಅಂಗಳದ ಮೂಲೆಯಲ್ಲೇ ಬಿದ್ದಿತ್ತು, ಸುತ್ತ ಅಷ್ಟು ಜನ ನಿಂತಿದ್ದರು.